ಷಡ್ಡಕ ನಿಂತ ಮೇಲೆ

ಬಂಡೆಪ್ಪನವರಿಗೆ ಹಲ್ಲುನೋವಿರಲಿಲ್ಲ. ಆದರೂ ಅವರು ರೈಲು ಹತ್ತಿ ಹೈದರಾಬಾದಿಗೆ ಹೋಗಿ, ದೊಡ್ಡ ಡಾಕ್ಟರರೊಬ್ಬರ ಮುಂದೆ ಬಾಯಿ ತೆರೆದು, ಗಟ್ಟಿಯಾಗಿದ್ದ ಒಂದು ದವಡೆಹಲ್ಲನ್ನು ಕೀಳಿಸಿಕೊಂಡು ಬಂದರು. ಕಾರಣ ಇಷ್ಟೇ. ಹಿಂದಿನ ವಾರ ಅವರ ಷಡ್ಡಕ ಮಾಣಿಕಪ್ಪನವರು ಹೀಗೆಯೇ ಹೋಗಿ ಹಲ್ಲು ಕೀಳಿಸಿಕೊಂಡು ಬಂದಿದ್ದರು. ಅವರ ಊದಿದ ಕೆನ್ನೆಯನ್ನು ನೋಡಿ ಕುಶಲ ವಿಚಾರಿಸಲು ಜಹೀರಾಬಾದಿನ ಗಂಜ್ ಪೇಟೆಯ ಜನವೆಲ್ಲ ಅವರ ಅಂಗಡಿಗೆ ಹೋಗಿ ಬಂದಿತ್ತು. ಬಂಡೆಪ್ಪನವರ ಕೆನ್ನೆ ಊದಲೇ ಇಲ್ಲ. ಯಾರೂ ವಿಚಾರಿಸಲಿಲ್ಲ. ಆ ದುಃಖವನ್ನು ಅವರು ಮೂರು ದಿನ ನನ್ನ ಮುಂದೆ ತೋಡಿಕೊಂಡರು.

ನನ್ನ ಮುಂದೆಯೇ ಯಾಕೆಂದರೆ, ತಹಸೀಲ್ ಕಚೇರಿಯ ಬೇವಿನ ಮರದ ಕೆಳಗೆ ಕೂತು ಊರವರ ಅರ್ಜಿಗಳನ್ನು ಉರ್ದುವಿನಲ್ಲಿ ಬರೆದುಕೊಡುವ ಆತ್ಮಾರಾಮ ನಾನು. ನಿಜಾಮ ಸರ್ಕಾರದ ಭಾಷೆ ಬರದವರ ಕಷ್ಟಗಳೆಲ್ಲ ನನ್ನ ಲೇಖಣಿಯ ಮೂಲಕವೇ ಹೋಗಬೇಕು. ಅರ್ಜಿಯಲ್ಲಿ ಬರೆಯಲಾಗದ ಕಷ್ಟಗಳನ್ನೂ ಜನ ಅಲ್ಲೇ ನನ್ನ ಮುಂದೆ ಸುರಿದು ಹೋಗುತ್ತಾರೆ. ಬಂಡೆಪ್ಪನವರದು ಈ ಎರಡನೆಯ ಬಗೆಯದು. ಹೊಟ್ಟೆಕಿಚ್ಚಿಗೆ ಯಾವ ಇಲಾಖೆಯಲ್ಲೂ ಅರ್ಜಿ ಹಾಕಿಕೊಳ್ಳಲು ಬರುವುದಿಲ್ಲ.

ಷಡ್ಡಕರೆಂದರೆ ಅಕ್ಕತಂಗಿಯರನ್ನು ಮದುವೆಯಾದವರು. ನಾರಾಯಣಖೇಡದ ಶಾಂತಪ್ಪ ಸಾವ್ಕಾರರು ತಮ್ಮಿಬ್ಬರು ಹೆಣ್ಣುಮಕ್ಕಳನ್ನು ಒಂದೇ ಹಂದರದಲ್ಲಿ ಧಾರೆಯೆರೆದರು. ಹಿರಿಯಳಾದ ಕಾಂತಾಬಾಯಿಯನ್ನು ಬಂಡೆಪ್ಪನವರಿಗೆ, ಕಿರಿಯಳಾದ ಸುಮಿತ್ರಾಬಾಯಿಯನ್ನು ಮಾಣಿಕಪ್ಪನವರಿಗೆ. ಇಬ್ಬರಿಗೂ ಜಹೀರಾಬಾದಿನಲ್ಲಿ ಒಂದೇ ಗೋಡೆಗೆ ಅಂಟಿದ ಎರಡು ಮನೆಗಳನ್ನು ಕೊಡಿಸಿದರು, ಎರಡನ್ನೂ ಹೆಣ್ಣುಮಕ್ಕಳ ಹೆಸರಿಗೇ ಬರೆಸಿದರು. ಅಳಿಯಂದಿರ ಮೇಲೆ ಅವರಿಗಿದ್ದ ವಿಶ್ವಾಸ ಎಂಥದೆಂದು ಇದರಿಂದ ತಿಳಿಯುತ್ತದೆ. ಅಂಗಡಿಗಳು ಮಾತ್ರ ಅಳಿಯಂದಿರ ಹೆಸರಿನಲ್ಲಿದ್ದವು. ಮಾಣಿಕಪ್ಪನವರದು ಬೆಲ್ಲದ ಅಡತಿ ಅಂಗಡಿ. ಬಂಡೆಪ್ಪನವರದು ಕಿರಾಣಿ ಅಂಗಡಿ, ಮಾಣಿಕಪ್ಪ ಬೆಲ್ಲಕ್ಕೆ ಕೈಹಾಕಿದ ಮೇಲೆ ಅದೂ ಬೆಲ್ಲದ ಅಡತಿಯಾಯಿತು.

ಮಾಣಿಕಪ್ಪ ಎತ್ತರದ ಆಳು, ಮಿತವಾಗಿ ಮಾತಾಡುವವರು. ಬಂಡೆಪ್ಪ ಗಿಡ್ಡ, ಮಾತು ಮಾತ್ರ ಉದ್ದ. ಹಿರಿಯ ಅಳಿಯ ತಾನಾಗಿದ್ದರೂ ಊರಿನಲ್ಲಿ ಹಿರೇತನ ಕಿರಿಯವನಿಗೆ ಸಿಗುತ್ತದೆ ಎಂಬುದು ಅವರ ಜನ್ಮದ ಸಂಕಟ. ಷಡ್ಡಕ ಕೊಡೆ ಕೊಂಡರೆ ಇವರೂ ಕೊಂಡರು, ಷಡ್ಡಕ ಏಕಾದಶಿ ಹಿಡಿದರೆ ಲಿಂಗವಂತರಿಗೆ ಸೋಮವಾರ ಸಾಕೆಂಬುದನ್ನೂ ಮರೆತು ಇವರೂ ಉಪವಾಸ ಬಿದ್ದರು.

ನಿಜಾಮ ಸರ್ಕಾರದ ಲೆಕ್ಕದ ಫಸಲಿ ವರ್ಷ ಸಾವಿರದ ಮುನ್ನೂರ ಐವತ್ತೆರಡರಲ್ಲಿ ಟೌನ್ ಕಮಿಟಿಗೆ ನಮ್ಮ ಗಂಜ್ ವಾರ್ಡಿನಿಂದ ಒಬ್ಬ ಮೆಂಬರನನ್ನು ಆರಿಸಬೇಕೆಂದು ಸರ್ಕಾರದ ಇಷ್ತಿಹಾರು ಪ್ರಕಟವಾಯಿತು. ಮೆಂಬರನಾದವನಿಗೆ ಕಚೇರಿಯಲ್ಲಿ ತಹಸೀಲ್ದಾರ ಸಾಹೇಬರ ಪಕ್ಕ ಕುರ್ಚಿ. ಉಳಿದವರೆಲ್ಲ ಎಂದಿನಂತೆ ಕೈಕಟ್ಟಿ ನಿಲ್ಲಬೇಕು. ಮಾಣಿಕಪ್ಪನವರು ನನ್ನ ಹತ್ತಿರ ಬಂದು ಉಮೇದ್ವಾರಿಯ ದರಖಾಸ್ತು ಬರೆಸಿಕೊಂಡು ಹೋದರು. ಆ ಸುದ್ದಿ ಅವರ ಮನೆ ಮುಟ್ಟಿತು, ಅಲ್ಲಿಂದ ಗೋಡೆ ದಾಟಿತು. ಅಕ್ಕತಂಗಿಯರು ಗೋಡೆಯ ಮೇಲಿಂದ ಮಜ್ಜಿಗೆ, ಚಟ್ನಿಪುಡಿ, ಸುದ್ದಿ ಮೂರನ್ನೂ ಕೊಟ್ಟು ತೆಗೆದುಕೊಳ್ಳುವುದು ವಾಡಿಕೆ. ಮಧ್ಯಾಹ್ನದ ಹೊತ್ತಿಗೆ ಬಂಡೆಪ್ಪನವರು ಊಟ ಬಿಟ್ಟು ಬೇವಿನ ಮರದ ಕೆಳಗೆ ಹಾಜರು.

“ಅವಂದು ಬರ್ದೀಯಂತ. ನಂದೂ ಬರಿ” ಅಂದರು.

ಏನು ಬರೆಯಲಿ ಎಂದು ಕೇಳಿದೆ. ಅವನದರಲ್ಲಿ ಏನಿದೆಯೋ ಅದೇ ಎಂದರು. ಕಮಿಟಿಯವರು ಏನು ಕೆಲಸ ಮಾಡುತ್ತಾರೆ ಗೊತ್ತೇ ಎಂದು ಕೇಳಿದೆ.

“ಅದೆಲ್ಲಾ ಆಮ್ಯಾಲ ನೋಡಿದ್ರಾತು, ಆತ್ಮಾರಾಮ. ನಾ ಅರ್ಜಿ ಹಿಡ್ಕೊಂಡು ನಿಂತಿರಬೇಕು, ಅವ ಕುರ್ಚಿ ಮ್ಯಾಲ ಕುಂತು ನನ್ನ ನೋಡಬೇಕು. ಅದೊಂದು ಆಗಬಾರದು ನೋಡು. ಆತಂದ್ರ ನಾ ಈ ಊರಾಗ ಇರಾವಲ್ಲ.”

ಹೇಳುವಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನನಗೆ ನಗು ಬಂದಿತ್ತು, ತಡೆದುಕೊಂಡೆ. ಹೇಳಬೇಕೆಂದರೆ, ಮೂವತ್ತು ವರ್ಷ ಕಾಯಿದೆ ಓದಿದ ನನ್ನನ್ನು ಉಮೇದ್ವಾರನಾಗಿ ನಿಲ್ಲೆಂದು ಒಬ್ಬನೂ ಕೇಳಲಿಲ್ಲವಲ್ಲ ಎಂಬ ಉರಿ ನನಗೂ ಒಂದು ಮೂಲೆಯಲ್ಲಿತ್ತು.

ಕಾಯಿದೆಯ ಪ್ರಕಾರ ಪ್ರತಿ ಉಮೇದ್ವಾರನಿಗೆ ಅದೇ ವಾರ್ಡಿನ ಒಬ್ಬ ಸೂಚಕ ಬೇಕು. ಮಾಣಿಕಪ್ಪನವರ ದರಖಾಸ್ತಿನ ಮೇಲೆ ಗಂಜಿನ ದೊಡ್ಡ ವ್ಯಾಪಾರಿ ತುಳಜಪ್ಪನವರ ಸಹಿ ಇತ್ತು. ಬಂಡೆಪ್ಪನವರಿಗೆ ಇಷ್ಟು ತಿಳಿದದ್ದೇ ತಡ, ನೆಟ್ಟಗೆ ತುಳಜಪ್ಪನವರ ಅಂಗಡಿಗೆ ಹೋಗಿ ಸಹಿ ಕೇಳಿದರು. ತುಳಜಪ್ಪನವರು ಯಾರಿಗೂ ಇಲ್ಲವೆನ್ನದೆ ದೊಡ್ಡವರಾದ ಮನುಷ್ಯ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಇದಕ್ಕೂ ಸಹಿ ಹಾಕಿದರು. ಮರುದಿನ ತಹಸೀಲ್ದಾರರ ಗುಮಾಸ್ತರಾದ ಪೇಷ್ಕಾರರು ಎರಡೂ ಕಾಗದಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಒಬ್ಬನೇ ಮನುಷ್ಯ ಒಂದೇ ಜಾಗಕ್ಕೆ ಇಬ್ಬರನ್ನು ಸೂಚಿಸಿದ್ದಾನೆ, ಇವನಿಗೆ ಯಾರು ಬೇಕು ಎಂದು ತಲೆ ಕೆರೆದುಕೊಂಡರು. ತುಳಜಪ್ಪನವರನ್ನು ಕರೆಸಿದರು. ಅವರು ಇಬ್ಬರೂ ಬೇಕೆಂದರು.

ತಹಸೀಲ್ದಾರ ಸಾಹೇಬರು ಒಳ್ಳೆಯವರು. ಮೊದಲ ಸಹಿ ಮಾತ್ರ ನಡೆಯುತ್ತದೆ, ಎರಡನೆಯವನು ಮಧ್ಯಾಹ್ನದ ನಮಾಜಿನೊಳಗೆ ಬೇರೆ ಸೂಚಕನನ್ನು ತರಲಿ ಎಂದರು. ಬಂಡೆಪ್ಪನವರು ಗಂಜನ್ನೆಲ್ಲ ಓಡಾಡಿದರು. ಎಲ್ಲರೂ ಆಗಲೇ ಮಾಣಿಕಪ್ಪನವರಿಗೆ ಮಾತು ಕೊಟ್ಟಿದ್ದರು, ಕೊಡದವರು ಊಟಕ್ಕೆ ಹೋಗಿದ್ದರು. ಕೊನೆಗೆ ಬೇವಿನ ಮರದ ಕೆಳಗಿನಿಂದ ಅಲುಗದೆ ಕೂತಿದ್ದ ಪ್ರಾಣಿ ನಾನೊಬ್ಬನೇ. ನನ್ನ ಗುಡಿಸಲೂ ಅದೇ ವಾರ್ಡಿನಲ್ಲಿತ್ತು. ಹೀಗೆ ಬಂಡೆಪ್ಪನವರ ಸೂಚಕನಾಗಿ ನಾನು ಇತಿಹಾಸದೊಳಗೆ ಕಾಲಿಟ್ಟೆ.

ಇನ್ನು ಶೇರವಾನಿ. ಉಮೇದ್ವಾರರು ತಹಸೀಲ್ದಾರರನ್ನು ಕಾಣಲು ಶೇರವಾನಿ ಹಾಕಿಕೊಂಡು ಹೋಗಬೇಕೆಂದು ಎಲ್ಲೂ ಬರೆದಿಲ್ಲ. ಆದರೆ ಮಾಣಿಕಪ್ಪನವರು ಹಾಕಿಕೊಂಡಿದ್ದರು. ಬಂಡೆಪ್ಪನವರು ಅದೇ ದರ್ಜಿಯ ಹತ್ತಿರ ಹೋಗಿ, ಮಾಣಿಕಪ್ಪನಿಗೆ ಹೊಲಿದಂಥದ್ದೇ ಬೇಕು, ಒಂದು ನೂಲೂ ಫರಕಾಗಬಾರದು ಎಂದು ಕಟ್ಟಪ್ಪಣೆ ಮಾಡಿದರು. ದರ್ಜಿ ಮಾತಿಗೆ ತಪ್ಪುವವನಲ್ಲ. ಬಟ್ಟೆ, ಗುಂಡಿ, ಅಳತೆ, ಯಾವುದರಲ್ಲೂ ಒಂದು ನೂಲು ಫರಕಾಗದಂತೆ ಹೊಲಿದುಕೊಟ್ಟ. ಅದನ್ನು ತೊಟ್ಟು ಬಂಡೆಪ್ಪನವರು ಬೀದಿಯಲ್ಲಿ ನಡೆದರೆ ಕೈಗಳು ಒಳಗೇ ಉಳಿಯುತ್ತಿದ್ದವು, ಯಾರಾದರೂ ಶರಣು ಎಂದರೆ ತೋಳು ಮಡಚಿ ಕೈ ಹುಡುಕಿ ಹೊರತೆಗೆಯುವಷ್ಟರಲ್ಲಿ ಶರಣೆಂದವರು ದಾಟಿ ಹೋಗಿರುತ್ತಿದ್ದರು. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಹಾಗಾಯಿತು ಎಂದು ತುಳಜಪ್ಪನವರು ಅಂದದ್ದನ್ನು ನಾನೇ ಕೇಳಿದೆ.

ಪ್ರಚಾರಕ್ಕೆ ಅವರು ಹೊಸ ಹಾದಿ ಕಂಡುಕೊಂಡರು. ಮಾಣಿಕಪ್ಪನವರು ಯಾವ ಮನೆಗೆ ಹೋಗಿ ಬಂದರೋ ಅದೇ ಮನೆಗೆ ಅರ್ಧ ಗಳಿಗೆ ಬಿಟ್ಟು ಹೋಗುವುದು, ಅವರು ಏನು ಕೊಡುತ್ತೇನೆಂದರೋ ಅದರ ಎರಡರಷ್ಟು ಕೊಡುತ್ತೇನೆನ್ನುವುದು. ಮಾಣಿಕಪ್ಪನವರು ಮೂಲೆಗೆ ಒಂದು ಕಂದೀಲು ಅಂದರೆ ಇವರು ಎರಡು. ಮಾಣಿಕಪ್ಪನವರು ಓಣಿಗೆ ತಾಂಡೂರಿನ ಕಲ್ಲು ಹಾಸಿಸುತ್ತೇನೆ ಎಂದರು, ಇವರು ಒಂದರ ಮೇಲೊಂದು ಎರಡು ಸುತ್ತು ಹಾಸಿಸುತ್ತೇನೆ ಎಂದರು. ಜನಕ್ಕೆ ಈ ಪದ್ಧತಿ ಎರಡೇ ದಿನದಲ್ಲಿ ಅರ್ಥವಾಯಿತು. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಗಂಜಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ತಮಗೆ ಬೇಕಾದದ್ದನ್ನು ಮಾಣಿಕಪ್ಪನವರಿಂದ ಅರ್ಧ ಹೇಳಿಸಿ, ಬಂಡೆಪ್ಪನವರಿಗಾಗಿ ಬಾಗಿಲು ತೆರೆದಿಟ್ಟು ಕಾಯತೊಡಗಿದರು.

ಸಿಕ್ಕಿಬಿದ್ದದ್ದು ಮಾಳಮ್ಮನ ಮನೆಯಲ್ಲಿ. ಮಾಳಮ್ಮ ಗಂಡ ತೀರಿಹೋದ ಮುದುಕಿ, ಸ್ವಂತ ಮನೆಯುಳ್ಳವಳು, ಆದ್ದರಿಂದ ಓಟು ಉಳ್ಳವಳು. ಅವಳ ಮನೆಯೆದುರಿನ ತಿಪ್ಪೆಯನ್ನು ತೆಗೆಸಿಕೊಡುತ್ತೇನೆ ಎಂದು ಮಾಣಿಕಪ್ಪನವರು ಹೇಳಿ ಹೋಗಿದ್ದರು. ಬಂಡೆಪ್ಪನವರು ಹೊಸಲು ದಾಟುವ ಮೊದಲೇ, ಆತ ಒಂದು ತಿಪ್ಪೆ ತೆಗೆಸಿದರೆ ತಾನು ಎರಡು ತೆಗೆಸುತ್ತೇನೆ ಎಂದು ಭಾಷೆ ಕೊಟ್ಟರು.

“ಇರೋದು ಒಂದೇ ತಿಪ್ಪಿ ಅದಪ್ಪ” ಅಂದಳು ಮಾಳಮ್ಮ. “ಇನ್ನೊಂದು ನೀನೇ ತಂದು ಹಾಕಿ, ನೀನೇ ತೆಗಿಬೇಕಾಗ್ತದ.”

ಈ ಮಾತು ಸಂಜೆಯೊಳಗೆ ಸ್ಟೇಷನ್ ತನಕ ಹೋಗಿ ಮುಟ್ಟಿತು. ಎರಡು ತಿಪ್ಪೆಯ ಬಂಡೆಪ್ಪ ಎಂದು ಜನ ಕರೆದರು. ಕರೆದರೇನು, ನಗಿಸಿದವನಿಗೆ ಓಟು ಹಾಕುವ ಮಂದಿಯೂ ಇರುತ್ತಾರೆ. ನನ್ನ ಲೆಕ್ಕದಲ್ಲಿ ಇಬ್ಬರೂ ಸರಿಸಮ ಇದ್ದರು. ಬಂಡೆಪ್ಪನವರಿಗೆ ನಿದ್ದೆ ಹೋಯಿತು. ಮನೆಯಲ್ಲಿ ತುತ್ತೆತ್ತಿದರೂ ಮಾಣಿಕಪ್ಪ, ಕೈತೊಳೆದರೂ ಮಾಣಿಕಪ್ಪ. ಕಾಂತಾಬಾಯಿಯವರು ಒಮ್ಮೆ ಗೋಡೆಯ ಮೇಲಿಂದ ತಂಗಿಗೆ, ನಿನ್ನ ಗಂಡನ ನಾಮಸ್ಮರಣೆ ನಿನ್ನ ಮನೆಗಿಂತ ನಮ್ಮ ಮನೆಯಲ್ಲೇ ಹೆಚ್ಚು ನಡೆಯುತ್ತಿದೆ ಎಂದರಂತೆ.

ಓಟಿಗೆ ನಾಲ್ಕು ದಿನ ಮುಂಚೆ ಡಂಗೂರ ಹೊಡೆದು ಕಾಯಿದೆ ಸಾರಿದರು. ವಾರ್ಡಿನಲ್ಲಿ ಓಟುಳ್ಳವರು ನಲವತ್ತೊಂದು ಮಂದಿ. ಮನೆಯೋ ಅಂಗಡಿಯೋ ಯಾರ ಹೆಸರಿನಲ್ಲಿದೆಯೋ ಅವರಿಗೆ ಓಟು. ಅಕ್ಷರ ಬರದವರೇ ಹೆಚ್ಚಾದ್ದರಿಂದ ಚೀಟಿ ಗೀಟಿ ಇಲ್ಲ. ಪಟ್ಟಿಯಲ್ಲಿರುವ ಸಾಲಿನಂತೆ ಒಬ್ಬೊಬ್ಬರಾಗಿ ಮೇಜಿನ ಮುಂದೆ ನಿಂತು, ತಮಗೆ ಬೇಕಾದ ಉಮೇದ್ವಾರನ ಹೆಸರನ್ನು ಸ್ವಂತ ಬಾಯಿಂದ ಹೇಳಬೇಕು. ಬೆರಳು ತೋರಿಸಿದರೆ, ತಲೆಯಾಡಿಸಿದರೆ, ಆತ ಈತ ಎಂದರೆ ಓಟು ರದ್ದು. ಕಾಯಿದೆ ಮಾಡಿದವರು ಎಲ್ಲವನ್ನೂ ಯೋಚಿಸಿದ್ದರು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದೊಂದನ್ನು ಯೋಚಿಸಿರಲಿಲ್ಲ. ನಾವೂ ಯೋಚಿಸಲಿಲ್ಲ, ಅದು ನಮ್ಮ ಮೂರ್ಖತನ.

ಓಟಿನ ದಿನ ಕಚೇರಿಯ ಪಡಸಾಲೆಯಲ್ಲಿ ಮೇಜು ಹಾಕಿದ್ದರು. ತಹಸೀಲ್ದಾರ ಸಾಹೇಬರು ಕುರ್ಚಿಯಲ್ಲಿ, ಪೇಷ್ಕಾರರು ಪಟ್ಟಿಯ ಮುಂದೆ, ಎರಡೂ ಕಡೆ ಉಮೇದ್ವಾರರು. ಹೆಸರನ್ನು ಗಟ್ಟಿಯಾಗಿ ಹೇಳುವುದಾದ್ದರಿಂದ ಅಂಗಳದ ಜನಕ್ಕೆಲ್ಲ ಪ್ರತಿ ಓಟೂ ಕೇಳುತ್ತಿತ್ತು. ನಾನು ಬಂಡೆಪ್ಪನವರ ಪಕ್ಕದಲ್ಲಿ ಒಂದು ಕಾಗದದ ಮೇಲೆ ಗೀಟು ಹಾಕುತ್ತ ಕೂತೆ. ತುಳಜಪ್ಪನವರು ಬಂದು ಇಬ್ಬರ ಹೆಸರನ್ನೂ ಹೇಳಲು ನೋಡಿದರು, ಪೇಷ್ಕಾರರು ಗದರಿದ ಮೇಲೆ ಮಾಣಿಕಪ್ಪ ಎಂದರು. ಮಾಳಮ್ಮ ಬಂಡೆಪ್ಪನ ಹೆಸರು ಹೇಳಿ, ತಿಪ್ಪೆಯ ಮಾತು ಮರೆಯಬೇಡವೆಂದು ಎಚ್ಚರಿಸಿ, ಹೋಗದೆ ಅಲ್ಲೇ ಕಂಬಕ್ಕೆ ಒರಗಿ ಕೂತಳು. ಮೂವತ್ತೇಳು ಜನ ಮುಗಿದಾಗ ಮಾಣಿಕಪ್ಪನವರಿಗೆ ಹತ್ತೊಂಬತ್ತು, ಬಂಡೆಪ್ಪನವರಿಗೆ ಹದಿನೆಂಟು. ಪಟ್ಟಿಯ ಕೊನೆಯ ಹಾಳೆಯಲ್ಲಿ ಉಳಿದವರು ಈ ಎರಡು ಮನೆಯ ನಾಲ್ಕು ಜನ ಮಾತ್ರ.

ಬಂಡೆಪ್ಪನವರು ನನ್ನ ಕಿವಿಯಲ್ಲಿ, ನಮ್ಮ ಮನೆಯದು ಎರಡು, ಅವರ ಮನೆಯದು ಎರಡು, ಒಂದರಿಂದ ಹೋಯಿತಲ್ಲೋ ಎಂದರು. ಅಷ್ಟರಲ್ಲಿ ಕಾಂತಾಬಾಯಿಯವರನ್ನು ಕೂಗಿದರು. ಅವರು ಸೆರಗು ಮುಂದಕ್ಕೆಳೆದುಕೊಂಡು ಬಂದು ನಿಂತರು. ಯಾರಿಗೆ ಎಂದು ಪೇಷ್ಕಾರರು ಕೇಳಿದರು.

“ನಮ್ಮ ಮನಿಯವ್ರಿಗೆ” ಅಂದರು ಕಾಂತಾಬಾಯಿ.

ಹೆಸರು ಹೇಳಬೇಕು ಎಂದರು ಪೇಷ್ಕಾರರು. ಅದೇ, ಮನೆಯವರು ಎಂದು ಇವರು. ಮನೆಯವರಿಗೆ ಹೆಸರಿಲ್ಲವೇ ಎಂದು ಅವರು. ಇದೆ, ಆದರೆ ತಮಗೆ ಹೇಳಲು ಬರುವುದಿಲ್ಲ ಎಂದು ಇವರು. ಬಂಡೆಪ್ಪನವರು ನನ್ನ ಪಕ್ಕದಿಂದಲೇ ಶೇರವಾನಿಯ ತೋಳು ಬೀಸಿ ತಮ್ಮೆದೆಯನ್ನೇ ತೋರಿಸಿಕೊಂಡರು, ಸನ್ನೆ ಮಾಡಿದರೆ ಹೊರಗೆ ಹಾಕಿಸುತ್ತೇನೆ ಎಂದು ಪೇಷ್ಕಾರರು ಸಿಟ್ಟಾದರು. ನಾನು ಎದ್ದು ನಿಂತು ಉರ್ದುವಿನಲ್ಲಿ ಸಾಹೇಬರಿಗೆ ನಮ್ಮ ಪದ್ಧತಿಯನ್ನು ವಿವರಿಸಿದೆ. ಸಾಹೇಬರು ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡರು. ತಮ್ಮ ಬೇಗಂ ಸಾಹೇಬರೂ ತಮ್ಮ ಹೆಸರು ಹೇಳುವುದಿಲ್ಲ, ಆದರೆ ಕಾಯಿದೆಯನ್ನು ತಮ್ಮ ಮನೆಯಲ್ಲಿ ಮಾಡಿದ್ದಲ್ಲವಲ್ಲ ಎಂದರು. ಕಂಬದ ಕಡೆಯಿಂದ ಮಾಳಮ್ಮ, ಲಗ್ನದಲ್ಲಿ ಹೇಳಿದ ಹಾಗೆ ಹೆಸರನ್ನು ಒಡಪಿನ ಹಾಡಿನಲ್ಲಿ ಕಟ್ಟಿ ಹೇಳಿಬಿಡವ್ವ ಎಂದು ಕೂಗಿದಳು. ಅಂಗಳದ ಜನ ಒಡಪು ಕೇಳಲು ಒಂದು ಹೆಜ್ಜೆ ಮುಂದೆ ಬಂದರು. ಕಾಂತಾಬಾಯಿಯವರು ತಲೆಯೆತ್ತಲಿಲ್ಲ. ಲಗ್ನದಲ್ಲಿ ಒಮ್ಮೆ ಹೇಳಿದ್ದೇನೆ, ಅದನ್ನು ಕಚೇರಿಯಲ್ಲಿ ಹೇಳಲಾರೆ ಎಂದರು. ಹಾಗಾದರೆ ಓಟು ರದ್ದು ಎಂದು ಪೇಷ್ಕಾರರು ಲೇಖಣಿ ಎತ್ತಿದರು.

ಕಾಂತಾಬಾಯಿಯವರು ನಿನ್ನೆಯ ರೊಟ್ಟಿಯನ್ನೂ ಕೆಡಿಸದೆ ಮುರಿದು ಕುಟ್ಟಿ ಮುಟಗಿ ಮಾಡುವ ಹೆಂಗಸು. ಸರ್ಕಾರ ಕೊಟ್ಟ ಒಂದು ಓಟನ್ನು ಹಾಳು ಮಾಡುವುದು ಅವರ ಕೈಯಲ್ಲಿ ಆಗುವ ಕೆಲಸವಲ್ಲ.

“ಕೆಡಿಸಬ್ಯಾಡ್ರಿ” ಅಂದರು. “ಬಾಯಿಗೆ ಬರೋ ಹೆಸರು ಒಂದು ಅದ, ಅದೇ ಬರ್ಕೋರಿ. ಮಾಣಿಕಪ್ಪ.”

ಮಾಣಿಕಪ್ಪನವರಿಗೆ ಇಪ್ಪತ್ತು. ಬಂಡೆಪ್ಪನವರು ಕಟ್ಟೆಯ ಮೇಲೆ ಕುಸಿದು ಕೂತರು. ಸ್ವಂತ ಹೆಂಡತಿಯೂ ಅವನ ಪಾಲಾದಳಲ್ಲ ಎಂದು ಒಳಗೊಳಗೇ ಗೊಣಗುವುದು ನನಗೆ ಕೇಳಿಸಿತು. ಆದರೆ ಮುಂದಿನವರು ಸುಮಿತ್ರಾಬಾಯಿ. ಅಕ್ಕನಿಗಿದ್ದ ತೊಡಕೇ ತಂಗಿಗೂ ಇತ್ತು. ಅವರು ಚೌಕಾಸಿಗೆ ಹೋಗಲಿಲ್ಲ, ಅಕ್ಕ ಹೇಗೋ ತಾನೂ ಹಾಗೆ ಎಂದು ಹೇಳಿ, ಬಂಡೆಪ್ಪ ಭಾವನವರು ಎಂದು ಮೆಲ್ಲಗೆ ಉಸುರಿ ಹೋಗಿ ಅಕ್ಕನ ಪಕ್ಕ ನಿಂತರು. ಇಪ್ಪತ್ತು, ಹತ್ತೊಂಬತ್ತು.

ಈಗ ಮಾಣಿಕಪ್ಪನವರ ಸರದಿ. ತಮ್ಮ ಹೆಸರನ್ನು ತಾವು ಹೇಳಿದರೆ ಇಪ್ಪತ್ತೊಂದು, ಅಲ್ಲಿಗೆ ಆಟ ಮುಗಿಯಿತು. ಪೇಷ್ಕಾರರು ಕೇಳುವ ಮೊದಲೇ ಬರೆಯಲು ಬಗ್ಗಿದ್ದರು. ಮಾಣಿಕಪ್ಪನವರು ಹೆಂಡತಿಯ ಕಡೆ ಒಮ್ಮೆ, ಷಡ್ಡಕನ ಕಡೆ ಒಮ್ಮೆ ನೋಡಿದರು.

“ನಮ್ಮ ಮನ್ಯಾಗ ಎರಡು ಮಾತಿಲ್ರಿ ಸಾಹೇಬ್ರ. ಮನಿಯಾಕಿ ಯಾರ ಹೆಸರು ಹೇಳ್ಯಾಳೋ ನಂದೂ ಅದೇ. ಬಂಡೆಪ್ಪ.”

ಅಂಗಳದಲ್ಲಿ ಚಪ್ಪಾಳೆ ಶುರುವಾಯಿತು. ಕೈಗೆ ಬಂದ ಮೆಂಬರಗಿರಿಯನ್ನು ಹೆಂಡತಿಯ ಮಾತಿಗಾಗಿ ಬಿಟ್ಟುಕೊಟ್ಟ ಗಂಡಸನ್ನು ಗಂಜು ನೋಡಿರಲಿಲ್ಲ. ತುಳಜಪ್ಪನವರು ಕಣ್ಣೊರೆಸಿಕೊಂಡರು. ತಹಸೀಲ್ದಾರ ಸಾಹೇಬರು ಎದ್ದು ನಿಂತು, ಶಭಾಷ್ ಎಂದು ಮಾಣಿಕಪ್ಪನವರ ಕೈ ಹಿಡಿದು ಕುಲುಕಿದರು. ಅದು ದೊಡ್ಡ ಮನಸ್ಸೋ, ಷಡ್ಡಕನನ್ನು ಇಪ್ಪತ್ತು ವರ್ಷ ನೋಡಿ ತಿಳಿದವನ ಲೆಕ್ಕವೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಇಪ್ಪತ್ತು, ಇಪ್ಪತ್ತು. ಉಳಿದದ್ದು ಬಂಡೆಪ್ಪನವರ ಓಟು ಒಂದೇ. ನಾನು ಅವರ ತೋಳು ಹಿಡಿದು, ಏನೂ ಬೇಡ, ನಿಮ್ಮ ಹೆಸರನ್ನು ನೀವು ಹೇಳಿ ಬಂದುಬಿಡಿ, ಕುರ್ಚಿ ನಿಮ್ಮದು ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಜನ ಇನ್ನೂ ಮಾಣಿಕಪ್ಪನವರನ್ನೇ ನೋಡುತ್ತಿದ್ದರು. ಎಂಥ ಮನುಷ್ಯ, ಎಂಥ ಮನುಷ್ಯ ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತಿತ್ತು. ಬಂಡೆಪ್ಪನವರು ಮೇಜಿನ ತನಕ ಐದು ಹೆಜ್ಜೆ ನಡೆದರು. ಅವರ ಕಡೆ ಒಬ್ಬನೂ ತಿರುಗಲಿಲ್ಲ. ಅವರ ಮುಖ ಕೆಂಪಾಯಿತು, ಕಪ್ಪಾಯಿತು, ಮತ್ತೆ ಕೆಂಪಾಯಿತು. ಆ ಮುಖವನ್ನು ಇಪ್ಪತ್ತು ವರ್ಷದಿಂದ ಬಲ್ಲ ನಾನು ಗೀಟು ಹಾಕಿದ ಕಾಗದವನ್ನು ಮಡಚಿಟ್ಟೆ.

ಯಾರಿಗೆ ಎಂದು ಪೇಷ್ಕಾರರು ಕೇಳಿದರು.

“ನಮ್ಮ ಮನ್ಯಾಗೂ ಎರಡು ಮಾತಿಲ್ರಿ” ಅಂದರು ಬಂಡೆಪ್ಪ, ಸ್ಟೇಷನ್ನಿಗೆ ಕೇಳುವ ದನಿಯಲ್ಲಿ. “ಬರ್ಕೋರಿ. ಮಾಣಿಕಪ್ಪ.”

ಪೇಷ್ಕಾರರು ನಂಬದೆ ಮೂರು ಸಲ ಕೇಳಿದರು. ಮೂರು ಸಲವೂ ದನಿ ಏರಿತೇ ಹೊರತು ಹೆಸರು ಬದಲಾಗಲಿಲ್ಲ. ಮಾಣಿಕಪ್ಪ ಇಪ್ಪತ್ತೊಂದು, ಬಂಡೆಪ್ಪ ಇಪ್ಪತ್ತು. ಚಪ್ಪಾಳೆ ಮತ್ತೆ ಬಿತ್ತು. ಸಾಹೇಬರು ಮತ್ತೆ ಎದ್ದು ನಿಂತರು, ತೋಳಿನೊಳಗಿಂದ ಬಂಡೆಪ್ಪನವರ ಕೈ ಹುಡುಕಿ ಕುಲುಕಿದರು. ಯಾರೋ ಇಬ್ಬರಿಗೂ ಹೂಮಾಲೆ ಹಾಕಿದರು. ಬಂಡೆಪ್ಪನವರು ನನ್ನ ಹತ್ತಿರ ಬಂದು, ನನಗೆ ಹೊಡೆದ ಚಪ್ಪಾಳೆ ಅವನದಕ್ಕಿಂತ ಹೆಚ್ಚು ಹೊತ್ತು ಇತ್ತಲ್ಲವೇ ಎಂದು ಕೇಳಿದರು. ಇತ್ತು ಎಂದೆ. ಸೂಚಕನಾದವನು ಅಷ್ಟಾದರೂ ಹೇಳಬೇಕು.

ಕಾಂತಾಬಾಯಿಯವರು ಗಂಡನ ಮೇಲೆ ಸಿಟ್ಟಾಗಲಿಲ್ಲ. ಆ ಸಂಜೆ ಗೋಡೆಯ ಎರಡೂ ಕಡೆ ಹೋಳಿಗೆ ಮಾಡಿದರು. ಮರುದಿನ ಬೆಳಿಗ್ಗೆ ಬಂಡೆಪ್ಪನವರ ಅಂಗಡಿಯ ಮುಂದೆ ಜನವೋ ಜನ. ಇಂಥ ತ್ಯಾಗ ಕಂಡಿಲ್ಲ, ಕೇಳಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಬಂದು ಹೇಳಿ ಹೋದರು. ಬಂಡೆಪ್ಪನವರು ಅಷ್ಟು ಸುಖವಾಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೆಂಬರಗಿರಿ ಹೋದದ್ದು ಅವರ ನೆನಪಿನಲ್ಲೇ ಇದ್ದಂತಿರಲಿಲ್ಲ. ನಾನು ಬೇವಿನ ಮರಕ್ಕೆ ಮರಳಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಮಾಳಮ್ಮ ಬೆಲ್ಲಕ್ಕೆಂದು ಬಂದಳಂತೆ.

“ಭಾಳ ದೊಡ್ಡ ಕೆಲಸ ಮಾಡ್ದಿ, ಬಂಡೆಪ್ಪ” ಅಂದಳು. “ಮಾಣಿಕಪ್ಪ ಮೊದ್ಲು ಮಾಡಿ ತೋರ್ಸಿದ, ಅದನ್ನ ನೋಡಿ ನೀನೂ ಕಲ್ತಿ.”

ಬೆಲ್ಲ ತೂಗುತ್ತಿದ್ದ ಬಂಡೆಪ್ಪನವರ ಕೈ ಅಲ್ಲೇ ನಿಂತಿತು. ಅವಳ ಸೆರಗಿಗೆ ಬೆಲ್ಲ ಸುರಿದು, ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಬಿಸಿಲಲ್ಲಿ ಬೇವಿನ ಮರದ ತನಕ ಬಂದರು. ಒಂದು ಅರ್ಜಿ ಬರಿ ಎಂದರು. ಸೋತದ್ದರ ಮೇಲೆ ಫಿರ್ಯಾದಿಯೇ, ಮತ್ತೊಮ್ಮೆ ಎಣಿಸಬೇಕೇ ಎಂದು ಕೇಳಿದೆ.

“ಎಣಸೋದು ಬ್ಯಾಡ. ಸೋತದ್ದು ಸೋತದ್ದೇ ಇರ್ಲಿ, ಮೆಂಬರ್ ಅವನೇ ಇರ್ಲಿ” ಅಂದರು. “ಆ ಕೊನಿ ಹಾಳ್ಯಾಗ ಅವಂದು ನಲವತ್ತನೇ ನಂಬರ ಅದ, ನಂದು ನಲವತ್ತೊಂದು. ಅದನ್ನೊಂದು ಅದಲುಬದಲು ಮಾಡ್ಸಾಕ ಬರ್ತದೇನು ನೋಡು, ಆತ್ಮಾರಾಮ.”

ನಾನು ಲೇಖಣಿ ಅದ್ದಿ, ಹುಜೂರರ ಸನ್ನಿಧಾನಕ್ಕೆ ಎಂದು ಬರೆಯತೊಡಗಿದೆ.